ಸಿರೀಸಮ್ಮನ ಕಣ್ಣು

ಅಲ್ಲಾಳಸಂದ್ರದ ಧನಲಕ್ಷ್ಮಿಯದು ದೇವಸ್ಥಾನದ ಗೋಪುರಗಳಿಗೆ ಗಾರೆ ಗೊಂಬೆ ಮಾಡುವ ಮನೆತನ. ಕೈಕಾಲು, ಸೀರೆಯ ನೆರಿಗೆ, ಒಡವೆ ಎಲ್ಲ ಅವಳ ಕೈಯಲ್ಲೇ ಆಗಬೇಕು. ಆದರೆ ಕೊನೆಗೆ ಸಣ್ಣ ಉಳಿ ಹಿಡಿದು ಗೊಂಬೆಯ ಕಣ್ಣು ತೆರೆಯುವವನು ಮಾತ್ರ ಅಣ್ಣ ಭೀಮರಾಜ. ಹೆಂಗಸು ಕಣ್ಣು ತೆರೆಯಬಾರದಂತೆ. ಯಾವ ಪುಣ್ಯಾತ್ಮ ಹೇಳಿದನೋ! ಇಪ್ಪತ್ತು ವರ್ಷ ಅವಳು ಕೇಳಿಕೊಂಡೇ ಬಂದಿದ್ದಳು.

ಈ ಸಲ ಕೇಳಲಿಲ್ಲ. ಯಲಹಂಕದ ಹೊಸ ಅಪಾರ್ಟ್‌ಮೆಂಟಿನ ನಾಲ್ಕು ಟವರುಗಳಿಗೆ ಕ್ಷುದ್ರಗ್ರಹಗಳ ಹೆಸರು: ಸಿರೀಸ್, ಜೂನೋ, ವೆಸ್ಟಾ, ಫ್ಲೋರಾ. ನಾಲ್ಕೂ ರೋಮಿನ ದೇವತೆಗಳೇ. ರಸ್ತೆಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಒಂದೊಂದು ಟವರಿನ ಮುಂದೆ ಆಯಾ ದೇವತೆಯ ಮೂರ್ತಿ ನಿಲ್ಲಬೇಕು. ಅಣ್ಣ ಚಿಕ್ಕಬಾಣಾವರದ ಗೋಪುರದ ಕೆಲಸದಲ್ಲಿದ್ದ. ಪೈರುಪಚ್ಚೆಯ ದೇವತೆ ಸಿರೀಸಳನ್ನು ಧನಲಕ್ಷ್ಮಿ ಒಬ್ಬಳೇ ಮಾಡಿದಳು, ಕಣ್ಣನ್ನೂ ತಾನೇ ತೆರೆದಳು. ತೆರೆದವಳು ಏಣಿಯ ಮೇಲೇ ಕೂತು ಖುಷಿಗೆ ಅತ್ತುಬಿಟ್ಟಳು.

ಸೈಟ್ ಮ್ಯಾನೇಜರ್ ನರೇಂದ್ರ ಬಂದು, ಫೋನಿನಲ್ಲಿದ್ದ ಹಳೆಯ ಅಮೃತಶಿಲೆಯ ಮೂರ್ತಿಯೊಂದರ ಫೋಟೋ ತೋರಿಸಿದ.

“ಇದ್ರಲ್ಲಿ ಕಣ್ಣುಪಾಪೆ ಎಲ್ಲಿದೆ ಮೇಡಂ? ಬರೀ ಬಿಳಿ. ರೋಮನ್ ಅಂದ್ರೆ ಹಿಂಗೇ. ನಿಮ್ದು ಊರಮ್ಮನ ಥರ ದುರುಗುಟ್ಕೊಂಡ್ ನೋಡ್ತಿದೆ. ಮುಚ್ಚಿಬಿಡಿ.”

“ಆ ಕಾಲದಲ್ಲಿ ಅವಕ್ಕೂ ಬಣ್ಣದ ಕಣ್ಣು ಬರೀತಿದ್ರಂತೆ ಸಾರ್. ಬಣ್ಣ ಅಳಿಸಿಹೋಗಿದೆ ಅಷ್ಟೆ. ಫೋನಲ್ಲಿ ನಾನೂ ಓದಿದೀನಿ.”

“ಅದೆಲ್ಲ ಬೇಡ. ಫೋಟೋದಲ್ಲಿ ಇದ್ದಂಗೆ ಇರ್ಬೇಕು.”

ಧನಲಕ್ಷ್ಮಿ ಗಾಜಿನಾಚೆ ಕಾಣುವ ಲಾಬಿಯ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಕ್ಷುದ್ರಗ್ರಹ ಸಿರೀಸಿನ ದೊಡ್ಡ ಫೋಟೋ, ಗಗನನೌಕೆಯೊಂದು ಹತ್ತಿರ ಹೋಗಿ ತೆಗೆದದ್ದು. ಕಪ್ಪು ಗುಂಡಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಬೆಳ್ಳನೆಯ ಚುಕ್ಕಿ ಫಳಫಳ ಹೊಳೆಯುತ್ತಿದ್ದವು.

“ಅದನ್ನ ಹಾಕ್ಸಿರೋದು ನೀವೇ. ಆಕಾಶದಲ್ಲಿರೋಳಿಗೂ ಎರಡು ಕಣ್ಣಿದೆ. ಮೊದ್ಲು ಅವನ್ನ ಮುಚ್ಚಿಸ್ಕೊಂಡ್ ಬನ್ನಿ, ಆಮೇಲೆ ಇವನ್ನ ನೋಡೋಣ.”

ನರೇಂದ್ರನಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಭೀಮರಾಜನಿಗೆ ಫೋನ್ ಮಾಡಿ, ಕಣ್ಣು ಮುಚ್ಚದಿದ್ದರೆ ಉಳಿದ ಮೂರು ಮೂರ್ತಿ ಬೇರೆಯವರಿಗೆ ಎಂದು ಹೇಳಿದ. ಮಧ್ಯಾಹ್ನಕ್ಕೆ ಅಣ್ಣ ಹಾಜರಾದ. ತಂಗಿಯ ಮುಖ ನೋಡದೆ ಸಿಮೆಂಟ್ ಕಲಸಿ, ಕರಣೆಯಲ್ಲಿ ತುಂಬಿಕೊಂಡು ಏಣಿ ಹತ್ತಿದ. ಧನಲಕ್ಷ್ಮಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

“ಅಣ್ಣಾ, ಕಣ್ಣು ತೆರೆಯೋದು ಗಂಡಸ್ರ ಕೆಲ್ಸ ಅಂದೆ. ಮುಚ್ಚೋದೂ ಗಂಡಸ್ರ ಕೆಲ್ಸಾನಾ?”

ಭೀಮರಾಜನ ಕೈ ಅಲ್ಲೇ ನಿಂತಿತು. ಸಾವಿರ ಕಣ್ಣು ತೆರೆದವನಿಗೆ ಎದುರಿಗಿರುವ ಕಣ್ಣು ಎಂಥದ್ದೆಂದು ಗೊತ್ತಾಗದೆ ಇರುತ್ತದೆಯೇ? ಬಹಳ ಹೊತ್ತು ನೋಡಿದ. ಆಮೇಲೆ ಇಳಿದು ಬಂದ.

“ನನ್ ಕೈಲಿ ಆಗಲ್ಲ ಸಾರ್. ಇಷ್ಟು ಚೆನ್ನಾಗಿ ನಾನೇ ಯಾವತ್ತೂ ತೆರೆದಿಲ್ಲ.”

“ನಾಳೆ ಈ ಟವರಿನ ಉದ್ಘಾಟನೆ ಅಂತ ಇದೊಂದನ್ನ ಬಿಟ್ಟಿದೀನಿ. ಮಿಕ್ಕ ಮೂರೂ ನಿಮ್ ಕೈ ತಪ್ಪಿದ್ವು, ತಿಳ್ಕೊಳ್ಳಿ,” ಎಂದ ನರೇಂದ್ರ.

“ತಪ್ಪಲಿ. ಕಣ್ಣಿಲ್ಲದ ದೇವ್ರು ಬೇಕಿದ್ರೆ ಅಂಗಡೀಲಿ ತಗೊಳ್ಳಿ,” ಎಂದಳು ಧನಲಕ್ಷ್ಮಿ.

ಅಣ್ಣನ ಕೈಯಿಂದ ಕರಣೆ ಕಿತ್ತುಕೊಂಡು, ಕಣ್ಣಿಗೆಂದು ಕಲಸಿದ ಸಿಮೆಂಟನ್ನು ಮೂರ್ತಿಯ ಪೀಠಕ್ಕೆ ಬಳಿದಳು. ಹಸಿಯಿರುವಾಗಲೇ ಮೊಳೆಯಿಂದ ದಪ್ಪ ಅಕ್ಷರದಲ್ಲಿ ಗೀರಿದಳು: ಕಣ್ಣು ತೆರೆದವಳು ಧನಲಕ್ಷ್ಮಿ. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಸಿಮೆಂಟ್ ಗಟ್ಟಿಯಾಗುವವರೆಗೂ ನರೇಂದ್ರನ ಎದುರಿಂದ ಕದಲಲಿಲ್ಲ.