ಹನುಮೇಶ ಕಂಬದ ಮೇಲಿದ್ದಾಗ

ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿ ಕೇಳಿ ಬೇಸತ್ತ ಉಣಕಲ್ಲಿನ ಆ ಶಾಲೆಯವರು, ಈ ಸಲ ಒಬ್ಬೊಬ್ಬರನ್ನು ಒಬ್ಬೊಬ್ಬ ಕೆಲಸಗಾರರ ಬೆನ್ನಿಗೆ ಹಚ್ಚಿಬಿಟ್ಟರು. ಇಡೀ ದಿನ ಜೊತೆಗಿದ್ದು ಅವರ ಕೆಲಸ ನೋಡಬೇಕು. ಉಳಿದವರೆಲ್ಲ ಬ್ಯಾಂಕು, ಆಸ್ಪತ್ರೆ ಎಂದು ಫ್ಯಾನಿನ ಕೆಳಗಿನ ಜಾಗ ಹುಡುಕಿಕೊಂಡರೆ, ರಜನಿ ಮಾತ್ರ ಲೈನ್‌ಮನ್ ಹನುಮೇಶನನ್ನು ಆರಿಸಿಕೊಂಡಳು. ಹಿಟ್ಟಿನ ಗಿರಣಿ ನಡೆಸುವ ಅವಳಪ್ಪ ಸಿದ್ದಲಿಂಗಪ್ಪನಿಗೆ ಇದು ಒಂಚೂರೂ ಸೇರಲಿಲ್ಲ. ಹೆಣ್ಣುಮಗಳು ಕಂಬ ಹತ್ತುವವನ ಹಿಂದೆ ಓಣಿ ಓಣಿ ತಿರುಗುವುದೇ ಎಂದು ಮುಖ ಗಂಟಿಕ್ಕಿಕೊಂಡೇ ಗಿರಣಿಗೆ ಹೋದ.

ಹೊತ್ತೇರುತ್ತಿದ್ದಂತೆ, ಹಿಂದಿನ ಓಣಿಯಲ್ಲಿ ತಂತಿ ಜೋತುಬಿದ್ದ ಸುದ್ದಿ ಬಂತು. ಹನುಮೇಶ ಮೊದಲು ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ ತೆಗೆದು ಮೂರೂ ಪಿಂಗಾಣಿ ಫ್ಯೂಜುಗಳನ್ನು ಕಿತ್ತ. ಅವಿಲ್ಲದಿದ್ದರೆ ಸುತ್ತಲಿನ ಓಣಿಗಳಿಗೆ ಕರೆಂಟ್ ಇಲ್ಲ. ಕಂಬ ಹತ್ತುವವನು ಅವನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ಹತ್ತುವುದು ರೂಢಿ. ಬರೀ ನೋಡಿದರೆ ಹುಡುಗಿಗೆ ಏನು ತಿಳಿದೀತು ಎಂದುಕೊಂಡನೋ ಏನೋ, ಇವತ್ತು ರಜನಿಯ ಕೈಗಿಟ್ಟ.

“ಇದು ನನ್ನ ಜೀವ ಐತವಾ. ನಾನ ಬಂದು ಕೈ ಒಡ್ಡಿ ಕೇಳೂತನಕ ಯಾರಿಗೂ ಕೊಡಬ್ಯಾಡ. ನಮ್ಮ ಸಾಹೇಬ್ರು ಬಂದ್ರೂ ಅಷ್ಟ.”

ಅವನು ಓಣಿಯ ತಿರುವಿನಲ್ಲಿ ಮರೆಯಾದ. ಅವನು ಹತ್ತುವ ಕಂಬ ಇಲ್ಲಿಂದ ಕಾಣುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರಿನ ಪಕ್ಕದ ಕಟ್ಟೆಯ ಮೇಲೆ ಕೂತ ರಜನಿಗೆ ಮೊದಮೊದಲು ಹೆಮ್ಮೆಯಾಯಿತು, ಆಮೇಲೆ ಹೆದರಿಕೆ ಶುರುವಾಯಿತು.

ಅತ್ತ ಗಿರಣಿಯಲ್ಲಿ ಸಿದ್ದಲಿಂಗಪ್ಪನ ಮಾನ ಹರಾಜಾಗುತ್ತಿತ್ತು. ಅಂಬಾಬಾಯಿಯ ಮನೆಯಲ್ಲಿ ಬಸುರಿ ಮಗಳ ಕುಬಸ. ರೊಟ್ಟಿ ಬಡಿಯುವ ಹೆಂಗಸರು ಬಂದು ಕೂತಿದ್ದರು, ಜೋಳ ಮಾತ್ರ ಕರೆಂಟಿಲ್ಲದೆ ಗಿರಣಿಯ ಬಾಯಲ್ಲಿ ಅರ್ಧಕ್ಕೆ ನಿಂತಿತ್ತು. ಆಕೆಯ ಬಾಯಿಗೆ ಹೆದರಿ ಅವನು ಹಿಂದಿನ ಓಣಿಗೆ ಹೋಗಿ ನೋಡಿದ. ಹನುಮೇಶ ಕಂಬದ ಬುಡದಲ್ಲಿ ನಿಂತಿದ್ದ. ಸಾಕು, ಕೆಲಸ ಮುಗಿಯಿತು ಎಂದುಕೊಂಡು ಟ್ರಾನ್ಸ್‌ಫಾರ್ಮರಿನತ್ತ ಬಂದ. ಲೈನ್‌ಮನ್ನಿಗೆ ಕಾಯದೆ ತಾವೇ ಫ್ಯೂಜ್ ಕೂಡಿಸಿಕೊಳ್ಳುವುದು ಗಿರಣಿಯವರಿಗೆ ಹೊಸದೇನಲ್ಲ. ಅಂಬಾಬಾಯಿಯೂ ಗಿರಣಿಯಲ್ಲಿ ಕಾಯುತ್ತಿದ್ದ ಉಳಿದವರೂ ಹಿಂದೆಯೇ ಬಂದರು.

“ಅವ ಕೆಳಗ ಇಳದಾನ, ಕಣ್ಣಾರೆ ನೋಡಿ ಬಂದೇನಿ. ತಾ ಇಲ್ಲೆ,” ಎಂದು ಸಿದ್ದಲಿಂಗಪ್ಪ ಮಗಳ ಕೈಯಲ್ಲಿದ್ದ ಫ್ಯೂಜುಗಳಿಗೆ ಕೈ ಚಾಚಿದ.

ಹನುಮೇಶ ಕಾಕಾ ಕೇಳಿ ಕಳಿಸಿದರೇ ಎಂದು ರಜನಿ ಕೇಳಿದಳು. ಇಳಿದ ಮೇಲೆ ಕೇಳುವುದೇನು ಎಂದು ಅವನು ರೇಗಿದ. ಅವರೇ ಬರಲಿ ಎಂದಳು. ಹತ್ತು ಜನರೆದುರು ಮಗಳು ಎದುರಾಡಿದ್ದು ಅದೇ ಮೊದಲು.

“ಅಂದ್ರ ನಿಮ್ಮಪ್ಪ ಸುಳ್ಳು ಹೇಳಾಕತ್ತಾನೇನು?”

ಅಪ್ಪ ಸುಳ್ಳಾಡುವವನಲ್ಲ, ತೂಕದಲ್ಲಿ ಒಂದು ಹಿಡಿ ಆಚೆ ಈಚೆ ಮಾಡಿದವನಲ್ಲ. ಅವನು ನೋಡಿದೆ ಎಂದರೆ ನೋಡಿದ್ದೇ ಖರೆ. ಹಾಗಾದರೆ ತಾನು ಹಟ ಹಿಡಿದಿರುವುದು ಯಾತಕ್ಕೆ? ಕೊಟ್ಟುಬಿಡೋಣ ಎಂದು ಅವಳ ಬೆರಳು ಸಡಿಲವಾಗಿಯೂ ಬಿಟ್ಟಿತು. ಆದರೆ ತಿರುವಿನಲ್ಲಿ ಇನ್ನೂ ಯಾರೂ ಕಾಣಿಸಲಿಲ್ಲ.

“ಕಾಕಾ ಬಂದು ಕೇಳಿಲ್ಲಪ್ಪಾ,” ಎಂದಳು.

ಇಂಥ ಮಗಳನ್ನು ಸಾಕಿದಿಯಲ್ಲಪ್ಪ ಎಂದು ಅಂಬಾಬಾಯಿ ಒಗ್ಗರಣೆ ಹಾಕಿದಳು. ಸಿದ್ದಲಿಂಗಪ್ಪನ ಪಿತ್ತ ನೆತ್ತಿಗೇರಿತು. ಮಗಳ ಮುಂಗೈ ಹಿಡಿದು ಬೆರಳು ತಿರುವಿದ. ರಜನಿ ಫ್ಯೂಜುಗಳನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿ ಕೂತಳು. ಎಂದೂ ಮಗಳಿಗೆ ಒಂದು ಏಟು ಹಾಕದವನು ಕೈ ಎತ್ತಿದ. ಎತ್ತಿದ್ದು ಬೆನ್ನ ಮೇಲೆ ಬಿದ್ದೇ ಬಿತ್ತು. ನೋವಿಗಿಂತ ನಾಚಿಕೆ ಅವಳನ್ನು ಸುಟ್ಟಿತು. ಆದರೂ ಕೈ ಬಿಡಲಿಲ್ಲ.

ಆಗ ಹನುಮೇಶ ಹೆಗಲಿಗೆ ಹಗ್ಗ ಹಾಕಿಕೊಂಡು ತಿರುವಿನಿಂದ ಬಂದ. ಗುಂಪು ನೋಡಿ ಓಡುತ್ತ ಹತ್ತಿರಾದ. ಸಿದ್ದಲಿಂಗಪ್ಪ ಅವನನ್ನೇ ಸಾಕ್ಷಿಗೆ ಕರೆದ: ಆಗಲೇ ಇಳಿದಿದ್ದೆಯೋ ಇಲ್ಲವೋ, ಈ ಹುಡುಗಿಗೆ ಹೇಳು.

“ಇಳದಿದ್ದೆರಿ, ನೀವು ನೋಡಿದ್ದು ಖರೇ. ತಂತಿ ಹಿಡಿಯೋ ಪಕ್ಕಡ ಕೈ ಜಾರಿ ಬಿದ್ದಿತ್ತು, ತಗೊಂಡು ಮತ್ತ ಹತ್ತಿದೆ. ತಂತಿ ಬಿಗದು ಈಗ ಇಳದು ಬಂದೇನಿ.”

ತಾನು ಮಗಳ ಬೆರಳು ತಿರುವುತ್ತಿದ್ದಾಗ ಈ ಮನುಷ್ಯ ಎರಡೂ ಕೈಯಲ್ಲಿ ತಂತಿ ಹಿಡಿದಿದ್ದ ಎಂಬುದು ಸಿದ್ದಲಿಂಗಪ್ಪನಿಗೆ ನಿಧಾನಕ್ಕೆ ಹೊಳೆಯಿತು. ಅಲ್ಲೇ ಕುಕ್ಕರಿಸಿದ.

ಹನುಮೇಶ ರಜನಿಯ ಮುಂದೆ ಕೈ ಒಡ್ಡಿದ. ಕೊಡಬೇಕೆಂದರೂ ಅವಳ ಬೆರಳುಗಳು ಬಿಚ್ಚಲೊಲ್ಲವು, ಸೆಟೆದುಹೋಗಿದ್ದವು. ಸಿದ್ದಲಿಂಗಪ್ಪ ತೆವಳಿ ಹತ್ತಿರ ಬಂದು, ಹಿಟ್ಟು ಮೆತ್ತಿದ ಕೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕೊನೆಯದು ಬಿಡುತ್ತಲೇ ಫ್ಯೂಜುಗಳು ಅವನ ಬೊಗಸೆಗೇ ಜಾರಿದವು. ಬೆಂಕಿ ಮುಟ್ಟಿದವನಂತೆ ಅವನ್ನು ಮಗಳ ಅಂಗೈಗೆ ವಾಪಸು ಹಾಕಿದ.

“ನನ್ನ ಕೈಯಾಗ ಬ್ಯಾಡವಾ,” ಎಂದ. “ನೀನ ಅವರಿಗೆ ಕೊಡು.”