ಕಲಿಯುವವರ ಕೈ

"ಮುಚ್ಚಳಕ್ಕೆ ಮೆತ್ತಿರೋ ರಕ್ತಾನ ನಿಮ್ಮಪ್ಪ ಬಂದು ಒರೆಸ್ತಾನೇನೇ, ದರಿದ್ರ ಮುಂಡೇದೆ? ಲಾರಿ ಬಂದು ನಿಂತಿದೆ, ಬೇಗ ಬೇಗ ಕೈ ಆಡಿಸು!"

ಸೂಪರ್‌ವೈಸರ್ ಬೊಬ್ಬೆ ಹಾಕಿದ್ದು ಗಿಡ್ಡಿಗೆ. ಪ್ರೆಸ್ ಎಟುಕದೆ ಹಲಗೆ ಹಾಕಿಕೊಂಡು ನಿಂತು ದುಡಿಯುವ ಅವಳಿಗೆ ಶೆಡ್ಡಿನಲ್ಲಿ ಅದೇ ಹೆಸರು. ಒರೆಸಬೇಕಾಗಿದ್ದ ರಕ್ತ ಅವಳ ಒಡಹುಟ್ಟಿದ ತಂಗಿಯದು. ನಿನ್ನೆ ಮಧ್ಯಾಹ್ನ ಪಕ್ಕದ ಪ್ರೆಸ್‌ನಲ್ಲಿ ಡಬ್ಬಿಯ ಮುಚ್ಚಳ ಒತ್ತುತ್ತಿದ್ದ ತಂಗಿಯ ಬಲಗೈ ಅಚ್ಚಿನೊಳಗೆ ಇದ್ದಾಗಲೇ ಯಂತ್ರ ಇಳಿದಿತ್ತು. ಬೆರಳುಗಳೆಲ್ಲ ಹೋದವು, ಹೆಬ್ಬೆರಳೊಂದು ಜೋತುಕೊಂಡು ಉಳಿಯಿತು. ತಂಗಿಯನ್ನು ಸರಕಿನ ಗಾಡಿಯಲ್ಲಿ ಹಾಕಿ ಆಸ್ಪತ್ರೆಗೆ ಸಾಗಹಾಕಿದರು. ಮುಚ್ಚಳಗಳನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟರು. ತೊಳೆದರೆ ಮಾರಬಹುದಲ್ಲ!

ಗಿಡ್ಡಿ ಹಲ್ಲು ಕಚ್ಚಿಕೊಂಡು ಒರೆಸಿದಳು.

ಆ ಪ್ರೆಸ್‌ಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಇಳಿಯಬೇಕು. ಆಗ ಅಚ್ಚಿನೊಳಗೆ ಕೈ ಇರುವ ಪ್ರಶ್ನೆಯೇ ಇಲ್ಲ. ಆದರೆ ಹಾಗೆ ಒತ್ತಿದರೆ ಕೆಲಸ ನಿಧಾನ. ಅದಕ್ಕೇ ಸೂಪರ್‌ವೈಸರ್ ಒಂದು ಗುಂಡಿಯ ಸಂದಿಗೆ ತಗಡಿನ ಚೂರು ಸಿಕ್ಕಿಸಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದ್ದ. ಎಡಗೈ ಒತ್ತುತ್ತಿರಲಿ, ಬಲಗೈ ತಗಡು ಇಡುತ್ತಿರಲಿ ಅಂತ. ಎಲ್ಲ ಪ್ರೆಸ್‌ಗೂ ಇದೇ ಗತಿ. ನಿನ್ನೆ ಸಂಜೆಯೊಳಗೆ ಅಷ್ಟೂ ಚೂರುಗಳು ಮಂಗಮಾಯ.

ಮ್ಯಾನೇಜರ್ ಗಿಡ್ಡಿಯನ್ನು ತನ್ನ ಕೋಣೆಗೆ ಕರೆಸಿಕೊಂಡ. ಎಂದೂ ಇಲ್ಲದ ನಯ.

"ಬಾಮ್ಮ. ಇವತ್ತು ಲೇಬರ್ ಆಫೀಸಿನ ಸಾಹೇಬ್ರು ವಿಚಾರಣೆಗೆ ಬರ್ತಾರೆ. ತಂಗಿ ಹುಡುಗಾಟಕ್ಕೆ ತಾನಾಗೇ ಕೈ ಹಾಕಿದ್ಲು ಅಂತ ಹೇಳ್ಬಿಡು."

"ಹುಡುಗಾಟಾನಾ ಸಾರ್? ಎರಡು ಮಕ್ಕಳ ತಾಯಿ ಅವ್ಳು."

"ಅವ್ಳು ಟ್ರೇನಿ. ಕಲಿಯೋರು ಮೆಷಿನ್ ಮುಟ್ಟೋ ಹಾಗೇ ಇಲ್ಲ. ಮುಟ್ಟಿದ್ರೆ ಅವರದ್ದೇ ತಪ್ಪು. ನೀನೂ ಟ್ರೇನಿನೇ, ಜ್ಞಾಪಕ ಇರ್ಲಿ. ಗೇಟು ತೆರೆದೇ ಇದೆ."

"ಕೆಲಸದಲ್ಲಾದ ಪೆಟ್ಟು ಅಂತ ನೀವು ಒಪ್ಕೊಂಡ್ರೆ ವಿಮೆ ಖರ್ಚಲ್ಲೇ ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ತಾರಂತೆ ಸಾರ್. ಹೆಬ್ಬೆರಳಾದ್ರೂ ಉಳಿಯುತ್ತೆ ಅಂದ್ರು ಡಾಕ್ಟ್ರು. ನಾಳೆಗೆ ಬಿಟ್ರೆ ಅದೂ ಇಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

"ಹೆಬ್ಬೆರಳು ಒಂದನ್ನೇ ಇಟ್ಕೊಂಡು ಏನ್ ಮಾಡ್ತಾಳೆ? ಹೆಬ್ಬೆಟ್ಟು ಒತ್ತೋಕಾ?"

ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ಹ್ಹೆಹ್ಹೆ ಎಂದು ನಕ್ಕ. ಗಿಡ್ಡಿ ಹೊರಗೆ ಬಂದಳು.

ಬೆನ್ನ ಮೇಲೆ 'ಟ್ರೇನಿ' ಎಂದು ಬರೆದ ನೀಲಿ ಕೋಟನ್ನು ಅವಳು ಮೊದಲ ಸಲ ತೊಟ್ಟಾಗ ಮಗಳು ಹೊಟ್ಟೆಯಲ್ಲಿದ್ದಳು. ಆ ಮಗಳೀಗ ಅಕ್ಷರ ಕೂಡಿಸಿ ಓದುತ್ತಾಳೆ. ಮೊನ್ನೆ ಕೋಟು ಒಗೆಯುವಾಗ ಓದಿ, "ಅಮ್ಮಾ, ನೀನಿನ್ನೂ ಪಾಸಾಗಿಲ್ವಾ?" ಎಂದು ಕೇಳಿದ್ದಳು. ಎಲ್ಲಿಯ ಪಾಸು! ವರ್ಷಕ್ಕೊಮ್ಮೆ ಕಲಿಕೆ ಮುಗಿಯಿತೆಂದು ಮನೆಗೆ ಕಳಿಸಿ, ಮರುದಿನವೇ ಹೊಸದಾಗಿ ಕಲಿಯಲು ಕರೆಯುತ್ತಿದ್ದರು. ಶೆಡ್ಡಿನ ತುಂಬ ಕಲಿಯುವವರೇ. ಕೆಲಸದವಳು ಅನ್ನಿಸಿಕೊಂಡವಳು ಒಬ್ಬಳೂ ಇಲ್ಲ.

ಲೇಬರ್ ಸಾಹೇಬ ಬಂದಿಳಿದದ್ದು ಮ್ಯಾನೇಜರನ ಕಾರಿನಿಂದಲೇ. ಪ್ರೆಸ್‌ಗಳ ಸದ್ದು ತಡೆಯದೆ ಕಿವಿಗೆ ಹತ್ತಿ ತುರುಕಿಕೊಂಡ. ಹತ್ತಿಯ ಸಮೇತ ವಿಚಾರಣೆಯನ್ನೂ ಶುರು ಮಾಡಿದ.

"ಇವ್ರೆಲ್ಲ ಟ್ರೇನಿಗಳಾ?"

"ಎಲ್ರೂ ಸಾರ್," ಮ್ಯಾನೇಜರ್ ಅವನ ಕಿವಿಯ ಹತ್ತಿರ ಬಾಗಿ ಕಿರುಚಿದ. "ಒಬ್ರಿಗೂ ಮೆಷಿನ್ ಓಡಿಸೋಕೆ ಬರಲ್ಲ!"

ಸುತ್ತ ಅಷ್ಟೂ ಪ್ರೆಸ್‌ಗಳು ಧಡಾರ್ ಧಡಾರ್ ಎನ್ನುತ್ತಿದ್ದವು. ಸಾಹೇಬ ತಲೆಯಾಡಿಸಿದ.

"ನೋಡಮ್ಮ, ಟ್ರೇನಿ ಅಂದ್ಮೇಲೆ ಅವ್ಳು ಕಾರ್ಮಿಕಳೇ ಅಲ್ಲ. ತಾನಾಗೇ ಕೈ ಹಾಕಿದ್ಲು ತಾನೇ? ಹೂಂ ಅನ್ನು, ಮುಗಿಸೋಣ."

ಹೂಂ ಅಂದರೆ ಗಿಡ್ಡಿಯ ಕೆಲಸ ಉಳಿಯುತ್ತದೆ, ತಂಗಿಯ ಹೆಬ್ಬೆರಳು ಹೋಗುತ್ತದೆ. ಸೂಪರ್‌ವೈಸರನ ಹಲ್ಲು ಕಿಸಿದ ಮುಖ ಕಣ್ಣಿಗೆ ಬಿತ್ತು. ಅವಳು ಕೈ ಚಾಚಿ ತನ್ನ ಪ್ರೆಸ್ ಆರಿಸಿದಳು.

"ಮ್ಯಾನೇಜರ್ ಸಾರ್ ಹೇಳಿದ್ದು ನಿಜ ಸಾಹೇಬ್ರೆ. ನಂಗೆ ಮೆಷಿನ್ ಓಡಿಸೋಕೆ ಬರಲ್ಲ. ಇಷ್ಟು ವರ್ಷ ಓಡಿಸಿದ್ದೇ ತಪ್ಪಾಯ್ತು." ಶೆಡ್ಡಿನ ಕಡೆ ತಿರುಗಿ ಕೂಗಿದಳು. "ಏನ್ರೇ, ನಿಮಗೇನಾದ್ರೂ ಬರುತ್ತಾ?"

ಮೂಲೆಯ ಪ್ರೆಸ್‌ನಿಂದ ತಲೆ ನೆರೆತ ಮುದುಕಿಯೊಬ್ಬಳು ಕೈ ತೆಗೆದಳು.

"ನಂಗೆಲ್ಲಿ ಬರುತ್ತೆ ಮಗಳೇ! ನಾನಿನ್ನೂ ಹೊಸಬಳು."

ಯಾರೋ ಕಿಸಕ್ಕೆಂದರು. ಒಂದೊಂದಾಗಿ ಪ್ರೆಸ್‌ಗಳು ನಿಂತವು. ಸಾಹೇಬ ಗಾಬರಿಯಾಗಿ ಹತ್ತಿ ಕಿತ್ತುಕೊಂಡ. ಹೊರಗೆ ಲಾರಿಯ ಹಾರನ್ ಬಡಿದುಕೊಳ್ಳುತ್ತಿದ್ದದ್ದು ಈಗ ಎಲ್ಲರಿಗೂ ಕೇಳಿಸಿತು.

"ಆನ್ ಮಾಡ್ರೇ, ಬೇವರ್ಸಿ ಮುಂಡೇವಾ!" ಸೂಪರ್‌ವೈಸರ್ ಹಾರಾಡಿದ.

"ಕಲಿಸಿ ಸಾರ್, ಮಾಡ್ತೀವಿ," ಎಂದಳು ಗಿಡ್ಡಿ. ತಂಗಿಯ ಪ್ರೆಸ್ ಹಚ್ಚಿ, ಅವನ ಕೈಗೊಂದು ತಗಡು ತುರುಕಿದಳು. "ಕಲಿಸೋರು ನೀವೇ ಅಲ್ವಾ? ನಮ್ಮ ಕೈಲಿ ಹೆಂಗೆ ಮಾಡಿಸ್ತಿದ್ರೋ ಹಂಗೇ ತೋರಿಸಿ. ನೀವು ಸಿಕ್ಕಿಸ್ತಿದ್ದ ಚೂರಿನ ಬದಲು ಒಂದು ಗುಂಡಿ ನಾನು ಒತ್ತಿ ಹಿಡ್ಕೋತೀನಿ. ಇನ್ನೊಂದು ನೀವು ಒತ್ತಿ. ಬಲಗೈ ಒಳಗೆ ಹಾಕಿ."

ಹೆಂಗಸರು ಸುತ್ತ ಬಂದು ನಿಂತರು. ಹಾರನ್ ಮತ್ತೆ ಅರಚಿತು.

"ತೋರಿಸ್ರೀ ಅತ್ಲಾಗೆ," ಎಂದ ಮ್ಯಾನೇಜರ್. "ಒಂದೇ ಒಂದು ಸಲ ತಾನೇ?"

ಸೂಪರ್‌ವೈಸರ್ ಮ್ಯಾನೇಜರನ ಮುಖವನ್ನೇ ದಿಟ್ಟಿಸಿದ. ಬಲಗೈ ಅಚ್ಚಿನ ಬಾಯಿಯವರೆಗೆ ಹೋಯಿತು. ತಗಡು ಜಾರಿ ಕೆಳಗೆ ಬಿತ್ತು. ಅವನು ಆ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಹಿಂದೆ ಸರಿದ.

"ಕೆಲಸದಲ್ಲಾದ ಪೆಟ್ಟು ಅಂತ ಬರೀರಿ ಸಾಹೇಬ್ರೆ," ಎಂದಳು ಗಿಡ್ಡಿ. "ಅಲ್ಲೀತನಕ ನಮಗ್ಯಾರಿಗೂ ಏನೂ ಬರಲ್ಲ."

ಸಾಹೇಬ ಮ್ಯಾನೇಜರನ ಕಡೆ ನೋಡಿದ, ಮ್ಯಾನೇಜರ್ ಬಾಗಿಲ ಕಡೆ ನೋಡಿದ. ಮುದುಕಿ ನೆಲದ ಮೇಲೆ ಕಾಲು ಚಾಚಿ ಕುಳಿತಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಗಿಡ್ಡಿ ಮಾತ್ರ ತಂಗಿಯ ಪ್ರೆಸ್‌ನ ಗುಂಡಿ ಅದುಮಿಕೊಂಡು ನಿಂತೇ ಇದ್ದಳು.