ಒತ್ತಿ ನೋಡದ ಹರಳು

"ಮುಟ್ಬೇಡಿ ಅಕ್ಕಾ, ನಿಮ್ಮ ದಮ್ಮಯ್ಯ! ಫೋಟೋ ತಗೊಂಡು ಸೀದಾ ಇಂಟರ್‌ವ್ಯೂಗೆ ಹೋಗಿ," ಎಂದು ಲ್ಯಾಬಿನ ಕಿರಿಯ ಹುಡುಗಿ ಅವಳ ಕೈಯಿಂದ ಸೂಜಿ ಕಿತ್ತುಕೊಂಡಳು.

ಮೈಕ್ರೋಸ್ಕೋಪಿನ ಕೆಳಗೆ, ದ್ರಾವಣದ ಹನಿಯೊಳಗೆ, ಸಾಸಿವೆಯ ಕಾಲು ಭಾಗವೂ ಇಲ್ಲದ ಹರಳೊಂದು ಮಿನುಗುತ್ತಿತ್ತು. ಹನ್ನೊಂದು ತಿಂಗಳಲ್ಲಿ ಕಂಡ ಮೊದಲ ಹರಳು. ಅವಳು ಬೆನ್ನು ಹತ್ತಿದ್ದ ಬ್ಯಾಕ್ಟೀರಿಯಾ, ಒಳಗೆ ಹೋದ ಔಷಧಿಯನ್ನೆಲ್ಲ ಹೊರಗೆ ಉಗುಳಿ ಬದುಕಿಕೊಳ್ಳುತ್ತಿತ್ತು. ಉಗುಳುವ ಕೆಲಸ ಅದರ ಒಂದು ಪ್ರೋಟೀನಿನದು. ಆ ಪ್ರೋಟೀನು ಹರಳುಗಟ್ಟಿದರೆ ಎಕ್ಸ್-ರೇ ಹಾಯಿಸಿ ಆಕಾರ ಕಾಣಬಹುದು. ಆಕಾರ ಕಂಡರೆ ಅದರ ಬಾಯಿ ಮುಚ್ಚಿಸುವ ಮದ್ದು ಹುಡುಕಬಹುದು. ಆದರೆ ಹನಿಯಲ್ಲಿನ ಉಪ್ಪೂ ಹೀಗೇ ಹರಳುಗಟ್ಟುತ್ತದೆ. ಕಣ್ಣಿಗೆ ಎರಡೂ ಒಂದೇ. ಸೂಜಿಯಿಂದ ಒತ್ತಿದರೆ ಪ್ರೋಟೀನು ಮೆತ್ತಗೆ ಪುಡಿಯಾಗುತ್ತದೆ, ಉಪ್ಪು ಕಟ್ಟೆಂದು ಮುರಿಯುತ್ತದೆ.

ಪಿಎಚ್‌ಡಿ ಸೀಟು ಇದ್ದದ್ದು ಒಂದೇ. ಮುಂದಿನ ತಿಂಗಳು ಅವಳ ವಯಸ್ಸು ಮಿತಿ ದಾಟುತ್ತಿತ್ತು. ನಾಲ್ಕು ವರ್ಷ ಸಹಾಯಕಿಯಾಗಿ ದುಡಿದ ಪ್ರಾಜೆಕ್ಟೂ ಅಷ್ಟರಲ್ಲೇ ಮುಗಿಯುತ್ತಿತ್ತು. ಬಸ್ ಡ್ರೈವರಾಗಿದ್ದ ಅಪ್ಪನ ಕಾಲಿನ ಗಾಯದಲ್ಲಿ ಎಂಟು ತಿಂಗಳಿಂದ ಬೀಡುಬಿಟ್ಟಿದ್ದು ಇದೇ ಬ್ಯಾಕ್ಟೀರಿಯಾ. ಡಾಕ್ಟರು ಕಾಲು ತೆಗೆಯುವ ಮಾತೆತ್ತಿದ್ದರು. "ಹೇಳ್ದೆ ಕೇಳ್ದೆ ಬಂದು ಕೂತಿರೋ ನೆಂಟ ಕಣೇ ಇವನು. ಒಂದ್ಸಲ ಮುಖ ಆದ್ರೂ ತೋರ್ಸು," ಎಂದು ಬೆಳಿಗ್ಗೆ ಫೋನಿನಲ್ಲಿ ಅಪ್ಪ ನಕ್ಕಿದ್ದರು.

ಅವಳು ಫೋಟೋ ತೆಗೆದುಕೊಂಡು ಹೋದಳು.

ಪರದೆಯ ಮೇಲೆ ಹರಳು ಮೂಡುತ್ತಲೇ ಇಂಟರ್‌ವ್ಯೂ ಸಮಿತಿಯ ಐದೂ ಜನ ಕುರ್ಚಿಯಲ್ಲಿ ಮುಂದೆ ಬಾಗಿದರು. ಕೊನೆಯಲ್ಲಿ ಕೂತಿದ್ದ ಹಿರಿಯ ಮೇಡಂ ಮಾತ್ರ ಕನ್ನಡಕ ತೆಗೆದು ಕೇಳಿದರು, "ಒತ್ತಿ ನೋಡಿದೀಯಾ?"

ಹ್ಞೂಂ ಎನ್ನುವುದು ತುದಿನಾಲಿಗೆಗೆ ಬಂದಿತ್ತು.

"ಇಲ್ಲ ಮೇಡಂ. ಧೈರ್ಯ ಬರ್ಲಿಲ್ಲ."

"ಹಾಗಿದ್ರೆ ಬಾ, ಈಗ್ಲೇ ಒತ್ತೋಣ."

ಎಲ್ಲರೂ ಲ್ಯಾಬಿಗೆ ಬಂದು ಅವಳ ಹಿಂದೆ ನಿಂತರು. ಅವಳು ಸೂಜಿ ಕೈಗೆತ್ತಿಕೊಂಡಳು. ಮೇಡಂ ಅವಳ ಮೊಣಕೈಗೆ ತಮ್ಮ ಅಂಗೈ ಆನಿಸಿದರು. ಸೂಜಿಯ ತುದಿ ಹರಳಿಗೆ ತಾಗಿತು, ಅವಳು ಒತ್ತಿದಳು. ಬೆರಳಿಗೆ ಮಾತ್ರ ತಿಳಿಯುವಷ್ಟು ಸಣ್ಣಗೆ ಕಟ್ಟೆಂದಿತು. ಹಿಂದೆ ನಿಂತ ಯಾರಿಗೂ ಅದು ಕೇಳಿರಲಿಲ್ಲ. ಅವಳು ಏನು ಹೇಳಿದರೆ ಅದೇ ನಿಜವಾಗುತ್ತಿತ್ತು, ಒಂದಿಷ್ಟು ದಿನದ ಮಟ್ಟಿಗಾದರೂ.

"ಉಪ್ಪು," ಎಂದಳು, ತಲೆಯೆತ್ತದೆ.

ಮಧ್ಯಾಹ್ನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬೇರೆಯವರ ಹೆಸರಿತ್ತು. ಮೆಟ್ಟಿಲ ಬಳಿ ಸಿಕ್ಕ ಮೇಡಂ, "ಸೀಟು ಎರಡಿದ್ದಿದ್ರೆ..." ಎಂದು ಶುರುಮಾಡಿ, ಮಾತು ಮುಗಿಸಲಾರದೆ ಇಳಿದುಹೋದರು. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿಯನ್ನು ಪೂರ್ತಿ ಬಿಟ್ಟು, ನೀರಿನ ಸದ್ದಿನಲ್ಲಿ ಅಳು ಮುಗಿಸಿಕೊಂಡಳು.

ಆಸ್ಪತ್ರೆ ತಲುಪಿದಾಗ ಡ್ರೆಸ್ಸಿಂಗ್ ಹೊತ್ತು. ನರ್ಸ್ ಕೊಟ್ಟ ಗ್ಲೌಸ್ ಹಾಕಿಕೊಂಡು ಅಪ್ಪನ ಕಾಲು ಹಿಡಿದಳು.

"ಏನಾಯ್ತೇ?" ಅಪ್ಪ ಕೇಳಿದರು.

"ಉಪ್ಪು, ಅಪ್ಪಾ. ಬರೀ ಉಪ್ಪು."

ಅಪ್ಪ ಅವಳ ಕಣ್ಣನ್ನೇ ನೋಡಿದರು. "ಪುಣ್ಯವಂತೆ ನೀನು," ಎಂದರು. "ಇಲ್ಲಿ ಊಟಕ್ಕೆ ಅದನ್ನೂ ಹಾಕಲ್ಲ."

ನಗು ತಡೆಯಲಾಗಲಿಲ್ಲ, ಅದರ ಜೊತೆಗೇ ಬಂದದ್ದನ್ನೂ ತಡೆಯಲಾಗಲಿಲ್ಲ. "ಅಲ್ಲಾಡಿಸ್ಬೇಡಿ," ಎಂದಳು ನರ್ಸ್. ಅವಳು ಉಸಿರು ಬಿಗಿಹಿಡಿದು, ಅಪ್ಪನ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು. ನರ್ಸ್ ಹಳೆಯ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚತೊಡಗಿದಳು.